ಮೆತ್ತಗೆ ಆಡಿದ ಮಾತು

"ಸಾಕು, ಸುಮ್ಮನಿರಿ ಅಪ್ಪ! ಅವ್ವ ಆ ಸ್ವಿಚ್ ಮುಟ್ಟಲೇ ಇಲ್ಲೆ. ಮುಟ್ಟಿದೆ ಅಂತ ಅವಳ ತಲೆಗೆ ತುಂಬಿದ್ದು ನೀವು!"

"ಯಾರ ಹತ್ರ ಮಾತಾಡೂದೂಂತ ಗೊತ್ತುಟ್ಟಾ ನಿಂಗೆ? ನಾಲ್ಕಕ್ಷರ ಓದಿದ ಕೂಡ್ಲೆ ಅಪ್ಪನ ಮೇಲೇ ಕೇಸ್ ಹಾಕೂದಾ?"

"ಕೇಸ್ ಹಾಕಿದ್ದು ಫಾರೆಸ್ಟಿನವರು. ಅದನ್ನ ಅವ್ವನ ಸೆರಗಿಗೆ ಗಂಟು ಹಾಕ್ಲಿಕ್ಕೆ ಹೊರಟದ್ದು ನೀವು. ಹನ್ನೊಂದು ಗಂಟೆಗೆ ಹೋಗಿ, ಆನೆ ಸತ್ತದ್ದು ನನ್ನ ಕೈಯಿಂದ ಅಂತ ಹೇಳಿಕೆ ಕೊಡ್ತಾಳೆ ಅವಳು. ನಾಚಿಕೆ ಆಗೂದಿಲ್ವಾ ನಿಮಗೆ?"

ದೇರಪ್ಪ ಕಾಫಿ ಲೋಟವನ್ನು ಜಗಲಿಕಟ್ಟೆಯ ಮೇಲೆ ಕುಕ್ಕಿದ. ಕಾಫಿ ತುಳುಕಿ ಕೈ ಸುಟ್ಟಿತು. ಸುಟ್ಟದ್ದಕ್ಕೂ ಮಗಳೇ ಕಾರಣ ಎಂಬಂತೆ ಅವಳನ್ನು ದುರುಗುಟ್ಟಿ ನೋಡಿದ. ಮೋಕ್ಷಿತಾ ಕಣ್ಣು ತಗ್ಗಿಸಲಿಲ್ಲ. ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ಈ ಮಗಳು ನಿನ್ನೆ ಸಂಜೆ ಕಾರು ತೆಗೆದುಕೊಂಡು ಬಂದಾಗ, ತಾಯಿಯನ್ನು ಫಾರೆಸ್ಟಿನ ರೇಂಜ್ ಆಫೀಸಿಗೆ ಕರೆದೊಯ್ಯಲು ಬಂದಳು, ಒಳ್ಳೆಯದಾಯಿತು ಎಂದುಕೊಂಡಿದ್ದ. ಬಂದದ್ದು ಹೋಗದಂತೆ ತಡೆಯುವುದಕ್ಕೆ ಎಂದು ಈಗ ಗೊತ್ತಾಯಿತು.

"ಬೆಳಗ್ಗೆ ಬೆಳಗ್ಗೆ ಎಂತ ಜಗಳ ನಿಮ್ದು?" ಎನ್ನುತ್ತ ಯಮುನ ಒಳಗಿನಿಂದ ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿದ್ದಳು. "ಹಾಕಿದ್ದು ನಾನೇ ಮಗ. ಅಪ್ಪನಿಗೆ ಯಾಕೆ ಬೈತಿ?"

"ಅವ್ವ, ಆ ಸಂಜೆ ನಾನು ಫೋನ್ ಮಾಡಿದಾಗ ನೀನೇ ಹೇಳಿದ್ದಲ್ವಾ? ಕರೆಂಟಿಲ್ಲೆ, ಟ್ಯಾಂಕಲ್ಲಿ ನೀರಿಲ್ಲೆ, ಮೋಟರ್ ಬೆಳಗ್ಗೆ ಹಾಕಿದ್ರಾಯ್ತು ಅಂತ?"

"ನೀ ಫೋನ್ ಇಟ್ಟ ಮೇಲೆ ಕರೆಂಟ್ ಬಂತಲ್ಲ. ಆಗ ಹಾಕಿದೆ. ಪಾತ್ರೆ ತೊಳೆದ ಒದ್ದೆ ಕೈ. ಮುಟ್ಟಿದ ಕೂಡ್ಲೆ ಚುರ್ ಅಂತ ಹೊಡೀತು ಸಹ." ಹಾಗೆಂದು ಅವಳು ಸೀರೆ ಉಡಲು ಒಳಗೆ ಹೋದಳು.

ಚುರ್ ಅಂದದ್ದನ್ನು ದೇರಪ್ಪ ಹೇಳಿಕೊಟ್ಟಿರಲಿಲ್ಲ. ಒದ್ದೆ ಕೈಯನ್ನೂ ಹೇಳಿರಲಿಲ್ಲ. ಆ ರಾತ್ರಿ ಕರೆಂಟು ಬಂದಾಗ ಯಮುನ ಗಾಢ ನಿದ್ದೆಯಲ್ಲಿದ್ದಳು. ನಡುಮನೆಯ ಬಲ್ಬು ಫಕ್ಕನೆ ಹೊತ್ತಿ ಕಣ್ಣಿಗೆ ಹೊಡೆದು ಎಚ್ಚರವಾದವನು ಅವನು. ಬೇಲಿಗೂ ಬಂತು, ಹಂದಿಗಳು ಇನ್ನು ಗದ್ದೆಗೆ ಬಾಯಿ ಹಾಕಿ ನೋಡಲಿ ಎಂದುಕೊಂಡು, ಎದ್ದು ಬಲ್ಬು ಆರಿಸಿ, ಕಂಬಳಿ ಎಳೆದುಕೊಂಡು ಮಲಗಿದವನೂ ಅವನೇ.

ಹಿಂದಿನ ಜಗಲಿಯ ಗೋಡೆಯ ಮೇಲೆ ಹಲಗೆಯೊಂದಕ್ಕೆ ಎರಡು ಕಪ್ಪು ಸ್ವಿಚ್ಚುಗಳು. ಒಂದು ಮೋಟರಿನದು. ಇನ್ನೊಂದು ಇರಲೇಬಾರದಾಗಿದ್ದದ್ದು. ಗದ್ದೆಯ ಸುತ್ತ ಸೋಲಾರ್ ಬೇಲಿ ಇತ್ತು. ಅದರ ಬ್ಯಾಟರಿ ಸತ್ತ ಮೇಲೆ ಹೊಸದು ತರುವ ಬದಲು ದೇರಪ್ಪ ಮೋಟರ್ ಲೈನಿನಿಂದ ಒಂದು ತಂತಿ ಎಳೆದು ನೇರ ಬೇಲಿಗೆ ಕಟ್ಟಿದ. ಸಂಜೆ ಹಾಕುವುದು, ಬೆಳಕು ಹರಿಯುವ ಮೊದಲು ತೆಗೆಯುವುದು. ಊರಿನಲ್ಲಿ ಇನ್ನೂ ಯಾರು ಯಾರು ಹಾಗೆ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಸಂಜೆ ಕರೆಂಟಿಲ್ಲದಾಗಲೇ ಅವನು ಸ್ವಿಚ್ಚು ಒತ್ತಿಟ್ಟಿದ್ದ, ಯಾವಾಗ ಬಂದರೂ ಬರಲಿ ಎಂದು. ಬೆಳಗ್ಗೆ ಮಂಜು ಸರಿದಾಗ ಗದ್ದೆಯಲ್ಲಿ ಹಂದಿ ಇರಲಿಲ್ಲ. ಇನ್ನೂ ಕೊಂಬು ಪೂರ್ತಿ ಬಲಿಯದ ಗಂಡಾನೆ ಮಂಡಿಯೂರಿ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಿದ್ದಿತ್ತು. ಸೊಂಡಿಲಿನ ಮೇಲೆ ತಂತಿ ಗೆರೆ ಎಳೆದಿತ್ತು. ಸುತ್ತ ಭತ್ತವೆಲ್ಲ ಕೆಸರಾಗಿತ್ತು. ಹಿಂಡಿನ ಉಳಿದ ಆನೆಗಳು ರಾತ್ರಿಯಿಡೀ ಅಲ್ಲೇ ಸುತ್ತಿ, ಸೊಂಡಿಲು ಹಾಕಿ ಎಬ್ಬಿಸಲು ನೋಡಿದ್ದವೆಂದು ಮಣ್ಣು ನೋಡಿದವರು ಹೇಳಿದರು. ಯಮುನ ಕೆಂಪು ದಾಸವಾಳ ತಂದು ಅದರ ಹಣೆಯ ಮೇಲಿಟ್ಟು, ಅರಿಸಿನ ಹಚ್ಚಿ, ಬದುವಿನ ಮೇಲೆ ಕೂತುಬಿಟ್ಟಳು. ಅವಳು ಅಳಲಿಲ್ಲ. ಆನೆಯ ಕಣ್ಣು ಮುಚ್ಚಬೇಕೆಂದು ಕೈ ಚಾಚಿದಳು, ರೆಪ್ಪೆ ಮುಚ್ಚಲಿಲ್ಲ.

ಅದೇ ಬದುವಿನ ಮೇಲೆ ಬೆಳ್ಯಪ್ಪ ಮಾವ ದೇರಪ್ಪನ ಪಕ್ಕ ಬಂದು ನಿಂತರು. ಕುಟುಂಬದ ಹಿರಿಯರು, ಪಂಚಾಯಿತಿಕೆಗೆ ಹೋಗಿ ಹೋಗಿ ನಾಲಿಗೆ ನುಣುಪಾದವರು. ಆನೆಯ ಕಡೆ ನೋಡದೆ, ಎಲೆಗೆ ಸುಣ್ಣ ಹಚ್ಚುತ್ತ, "ಬೇಕೂಂತ ಮಾಡಿದ್ರೆ ಜಾಮೀನೇ ಇಲ್ಲೆ ಮಾರಾಯ, ಒಳಗೇ" ಅಂದರು. ಆಮೇಲೆ ಎಲೆ ಮಡಚಿ ದವಡೆಗಿಟ್ಟುಕೊಂಡು, ಬೇರೇನೋ ವಿಷಯವೆಂಬಂತೆ, "ಸಂಜೆ ಮೋಟರ್ ಹಾಕೂದು ಯಮುನನೇ ಅಲ್ವಾ?" ಅಂದರು. ಅಷ್ಟೇ. ಪಿಚಕ್ಕನೆ ಉಗುಳಿ ಹೋಗಿಬಿಟ್ಟರು. ಆಮೇಲೆ ದೇರಪ್ಪ ಆ ಮಾತನ್ನು ಎಷ್ಟು ಸಲ ತಿರುವಿ ಹಾಕಿ ನೋಡಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ನಾಳೆ ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದರೂ ಬೆಳ್ಯಪ್ಪ ಮಾವ ಹೇಳಿದ್ದೇನು? ಮೋಟರ್ ಯಾರು ಹಾಕುತ್ತಾರೆಂದು ಕೇಳಿದರು. ಕೇಳಬಾರದಾ? ಬೀಜ ಬಿತ್ತಿದವನ ಕೈಗೆ ಮಣ್ಣು ಹತ್ತಿರಲಿಲ್ಲ. ಮನೆಗೆ ಹತ್ತುವ ದಾರಿಯುದ್ದಕ್ಕೂ ಅದು ದೇರಪ್ಪನೊಳಗೆ ಬೇರು ಬಿಡುತ್ತ ಬಂತು.

"ಇದಕ್ಕೆ ಸಜೆಷನ್ ಅಂತಾರೆ, ಅಪ್ಪ," ಎಂದಳು ಮೋಕ್ಷಿತಾ. ಸಿಟ್ಟು ಇಳಿದು ಅವಳ ದನಿಯಲ್ಲಿ ಪಾಠ ಹೇಳುವವರ ಆಯಾಸ ಬಂದಿತ್ತು. "ನಂಬುವವರ ಕಿವಿಗೆ ಒಂದು ಮಾತು ಬಿಟ್ಟರೆ ಸಾಕು. ಉಳಿದದ್ದನ್ನ ಅವರೇ ಕಟ್ಟಿಕೊಳ್ತಾರೆ, ನೋಡಿದ್ದೆ ಅಂತಾರೆ, ಮುಟ್ಟಿದ್ದೆ ಅಂತಾರೆ. ಸುಳ್ಳು ಹೇಳ್ತಿರೂದಿಲ್ಲ ಅವರು. ಅವ್ವನ ಕೈ ನೋಡಿ! ಮಡಿಕೇರಿಯ ಡಾಕ್ಟರು ಸೂಜಿ ಚುಚ್ಚಿ ನೋಡಿದ್ರು. ನರ ಸರಿ ಉಟ್ಟು, ಮೂಳೆ ಸರಿ ಉಟ್ಟು. ಆದ್ರೂ ಒಂದು ಬೆರಳು ಮಡಚೂದಿಲ್ಲ ಅವಳಿಗೆ. ಯಾಕೆ?"

"ಅದೆಲ್ಲ ನಿನ್ನ ಕಾಲೇಜಲ್ಲಿ ಹೇಳು. ನೀನೇ ಹಾಕಿದ್ದು ಅಂತ ನಾನು ಅವಳಿಗೆ ಒಂದು ದಿನವಾದ್ರೂ ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ!"

ಅದು ನಿಜವಾಗಿತ್ತು. ಅದೇ ಅವನ ಎದೆಯಲ್ಲಿ ಮುಳ್ಳಾಗಿ ಕೂತಿದ್ದದ್ದು. ಸಜೆಷನ್ ಎಂಬ ಮಾತನ್ನು ಅವನು ಮೊದಲು ಕೇಳಿದ್ದು ಮಗಳ ಬಾಯಿಂದಲ್ಲ. ಬಹಳ ಹಿಂದೆ, ಗೋಣಿಕೊಪ್ಪಲಿನ ದಸರಾದಲ್ಲಿ, ಸೂಟು ತೊಟ್ಟ ಸಣಕಲು ಮನುಷ್ಯನೊಬ್ಬ ವೇದಿಕೆಯ ಮೇಲೆ ಸಮ್ಮೋಹನದ ಆಟ ಇಟ್ಟಿದ್ದ. ಯಾರು ಬರುತ್ತೀರಿ ಎಂದು ಕರೆದಾಗ, ನನ್ನನ್ನು ಮಲಗಿಸು ನೋಡುವ ಎಂದು ಮೀಸೆ ತೀಡಿಕೊಂಡು ಹತ್ತಿದವನು ದೇರಪ್ಪ. ಆ ಮನುಷ್ಯ ದಬಾಯಿಸಲಿಲ್ಲ, ಕಣ್ಣು ಕೆಕ್ಕರಿಸಲಿಲ್ಲ. ಹೆರಿಗೆಯಾದ ಹೆಂಗಸಿನ ಹತ್ತಿರ ಮಾತಾಡುವಂತೆ ಮೆತ್ತಗೆ, ನಿಮ್ಮ ಪಾದ ಹಲಗೆಯ ಮೇಲಿದೆ ಅಲ್ವಾ, ಗಾಳಿ ತಣ್ಣಗಿದೆ ಅಲ್ವಾ, ದೂರದಲ್ಲಿ ಓಲಗ ಕೇಳಿಸ್ತಾ ಇದೆ ಅಲ್ವಾ ಎಂದು ಒಂದೊಂದೇ ಕೇಳಿದ. ಎಲ್ಲ ನಿಜವೇ. ಹೌದು ಹೌದು ಎಂದು ತಲೆ ಆಡಿಸುತ್ತ ಹೋದಂತೆ ಅಲ್ಲ ಅನ್ನುವುದು ಎಲ್ಲಿ ಎಂದೇ ಮರೆತುಹೋಯಿತು. ಕೈಯಲ್ಲಿ ಒಂದು ಈರುಳ್ಳಿ ಇಟ್ಟು, ಮನೆಯ ಹಿತ್ತಲಿನ ಕಿತ್ತಳೆ, ಎಷ್ಟು ಸಿಹಿ ಅಲ್ವಾ ಅಂದ. ದೇರಪ್ಪನಿಗೆ ಗೊತ್ತಿತ್ತು. ಈರುಳ್ಳಿ ಎಂದು ಗೊತ್ತಿತ್ತು, ಜನ ನೋಡುತ್ತಿದ್ದಾರೆಂದು ಗೊತ್ತಿತ್ತು, ಈಗಲೇ ಎಸೆದು ಇಳಿದುಹೋಗಬಹುದೆಂದೂ ಗೊತ್ತಿತ್ತು. ಆದರೂ ಕಚ್ಚಿದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಗಿದ. ಸಿಹಿಯಾಗಿತ್ತು ಎಂದು ಮೈಕಿನಲ್ಲಿ ಹೇಳಿದ. ಇಡೀ ಮೈದಾನ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಮೋಕ್ಷಿತಾ ಕೈ ತಟ್ಟಿ ನಕ್ಕಳು. ಇಳಿದು ಬಂದವನು ಆ ಮನುಷ್ಯನ ಕಾಲರಿಗೆ ಕೈ ಹಾಕಲು ಹೋದಾಗ ಅವನು ಅದೇ ಮೆತ್ತಗಿನ ದನಿಯಲ್ಲಿ, "ನಾನು ಬರೀ ಸಜೆಷನ್ ಕೊಟ್ಟೆ ಸಾರ್, ತಿಂದದ್ದು ನೀವು" ಎಂದ. ಹಿಂದಿರುಗುವಾಗ ಬಸ್ಸಿನಲ್ಲಿ ಯಮುನ ನಗಲಿಲ್ಲ, ಏನೂ ಕೇಳಲಿಲ್ಲ. ಪರ್ಸಿನ ಮೂಲೆಯಿಂದ ಒಂದು ಏಲಕ್ಕಿ ಹುಡುಕಿ ತೆಗೆದು ಅವನ ಕೈಯಲ್ಲಿಟ್ಟಳು. ಅದಕ್ಕೂ ಅವನು, ನನ್ನ ಬಾಯಿ ವಾಸನೆಯಾ ನಿಂಗೆ ಎಂದು ಎಲ್ಲರಿಗೂ ಕೇಳುವಂತೆ ಗದರಿದ್ದ.

ಗದರುವುದು ಅವನ ಉಸಿರಾಗಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ಗದರುವುದು, ಹೆಚ್ಚಾದರೆ ತಟ್ಟೆ ದೂಡುವುದು, ಜ್ವರ ಬಂದು ಮಲಗಿದರೆ, ಮಳೆಯಲ್ಲಿ ನೆನೀಲಿಕ್ಕೆ ಹೇಳಿದ್ದು ಯಾರು ಎಂದು ಗದರಿಯೇ ಕಷಾಯ ಕೊಡುವುದು. ಆ ಬೆಳಗ್ಗೆ ಮಾತ್ರ, ಗದ್ದೆಯಿಂದ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಯಮುನಳ ಪಕ್ಕ ಅವನು ಮಣೆ ಎಳೆದುಕೊಂಡು ಕೂತ. ಎಲ್ಲಿಂದ ಬಂತೋ, ತನ್ನದಲ್ಲದ ದನಿಯೊಂದು ಗಂಟಲಿಗೆ ಬಂತು. ನಿನ್ನೆ ಸಂಜೆ ಬೇಗ ಕತ್ತಲಾಯ್ತು ಅಲ್ವಾ ಯಮುನ? ಆಯ್ತು. ಟ್ಯಾಂಕಲ್ಲಿ ನೀರಿಲ್ಲೆ ಅಂತ ಗೊಣಗಿದೆ ಅಲ್ವಾ? ಹೌದು. ಪಾತ್ರೆ ಎತ್ಕೊಂಡು ಹಿಂದಿನ ಜಗಲಿಗೆ ಬಂದೆ ಅಲ್ವಾ? ಬಂದೆ. ಕತ್ತಲೆಯಲ್ಲಿ ಆ ಎರಡೂ ಸ್ವಿಚ್ಚು ಒಂದೇ ತರ ಕಾಣ್ತವೆ ಅಲ್ವಾ? ಯಮುನ ಒಲೆಯ ಬೆಂಕಿ ನೋಡುತ್ತ ತಲೆಯಾಡಿಸಿದಳು. ಮುಂದಿನದನ್ನು ಅವನು ಹೇಳಲೇ ಇಲ್ಲ. ಸೌದೆ ಚಟಪಟ ಅಂದಿತು. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ನಿಧಾನ ಬಿಳಿಚಿಕೊಂಡಿತು. "ಅಯ್ಯೋ ದೇವರೇ, ನಾನಾ?" ಎಂದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, "ಹೆದರ್ಬೇಡ, ನಾನಿದ್ದೇನೆ" ಎಂದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳ ತಲೆಯ ಮೇಲೆ ಹಾಗೆ ಕೈಯಿಟ್ಟದ್ದು ಅದೇ ಮೊದಲು. ಅಂಗೈಯ ಕೆಳಗೆ ಅವಳ ಬೈತಲೆ ಬೆಚ್ಚಗಿತ್ತು. ಅವಳು ಅವನ ಮೊಣಕಾಲಿಗೆ ಹಣೆಯೊತ್ತಿ ಬಿಕ್ಕಿದಳು. ಆಶ್ಚರ್ಯವೆಂದರೆ ಅವನಿಗೂ ಅಳು ಬಂದಿತ್ತು. ಅದು ನಾಟಕದ ಅಳು ಅಲ್ಲ ಎಂದು ಅವನು ಬೇಕಾದರೆ ಆಣೆ ಮಾಡಿಯಾನು. ಮಾರನೆಯ ದಿನ ಅಶೋಕ್ ಎಂಬ ಫಾರೆಸ್ಟ್ ಗಾರ್ಡ್ ಬಂದು ವಿಚಾರಿಸಿದಾಗ ಯಮುನ ತಾನಾಗಿ ಮುಂದೆ ಬಂದು ಹೇಳಿದಳು. ಅದರ ಮಾರನೆಯ ದಿನ ಅವಳ ಬಲಗೈ ಏಳಲಿಲ್ಲ.

ಎಡಗೈಯಲ್ಲಿ ಬಡಿಸಬಾರದೆಂದು ಈಗ ಅವಳು ಅನ್ನದ ಪಾತ್ರೆಯನ್ನು ಅವನ ಮುಂದೆ ದೂಡಿ, ಮುಖ ತಿರುಗಿಸಿಕೊಂಡು ನಿಲ್ಲುತ್ತಾಳೆ. ಅವನು ತಾನೇ ಬಡಿಸಿಕೊಂಡು ಉಣ್ಣುತ್ತಾನೆ. ದೀಪದ ಸ್ವಿಚ್ಚು ಅವಳು ಮುಟ್ಟುವುದಿಲ್ಲ. ಕತ್ತಲಾದರೆ ಕತ್ತಲಲ್ಲೇ ಕೂತಿರುತ್ತಾಳೆ. ಇನ್ನೂ ಕೆಟ್ಟದ್ದು ಬೇರೆ ಇತ್ತು. ಈಚೆಗೆ ದೇರಪ್ಪನಿಗೂ ಆ ಸಂಜೆ ಸರಿಯಾಗಿ ಕಾಣುತ್ತಿರಲಿಲ್ಲ. ತನ್ನ ಹೆಬ್ಬೆರಳಿನ ಕೆಳಗೆ ಸ್ವಿಚ್ಚು ಟಕ್ಕೆಂದದ್ದನ್ನು ನೆನೆಯಲು ಹೋದರೆ, ಹಸಿರು ಬಳೆಯ ಕೈಯೊಂದು ಅಡ್ಡ ಬರುತ್ತಿತ್ತು. ಆ ಕೈಯ ಮೇಲೆ ನೀರಿನ ಹನಿಗಳಿರುತ್ತಿದ್ದವು. ಇದು ನಾನು ಕಟ್ಟಿದ್ದು, ಇದು ನಡೆದದ್ದಲ್ಲ ಎಂದು ದನ ಓಡಿಸಿದಂತೆ ಅದನ್ನು ಓಡಿಸಬೇಕಾಗುತ್ತಿತ್ತು. ಓಡಿಸುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿತ್ತು. ಇಂದು ಅವಳು ಹೇಳಿಕೆ ಕೊಟ್ಟು ರುಜು ಹಾಕಿಬಿಟ್ಟರೆ, ನಡೆದದ್ದನ್ನು ಬಲ್ಲವನು ಈ ಲೋಕದಲ್ಲಿ ಒಬ್ಬನೂ ಉಳಿಯುವುದಿಲ್ಲ, ತಾನೂ ಸಹ ಎಂದು ಅವನಿಗೆ ಅನ್ನಿಸಿತು. ಅದು ಭಯವೋ ಸಮಾಧಾನವೋ ತಿಳಿಯಲಿಲ್ಲ.

"ನಾನು ಕಾರಲ್ಲಿರ್ತೇನೆ," ಎಂದಳು ಮೋಕ್ಷಿತಾ. "ಅವಳಿಗೆ ಹೇಳೂದಿದ್ರೆ ಈಗ ಹೇಳಿ. ನಾನು ಹೇಳಿ ಹೇಳಿ ಸೋತೆ. ನನ್ನ ಮಾತು ಅವಳಿಗೆ ಹಿಡಿಯೂದಿಲ್ಲ." ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು.

ದೇರಪ್ಪ ಒಳಗೆ ಹೋದ. ಯಮುನ ಕನ್ನಡಿಯ ಮುಂದೆ ನಿಂತು ಒಂದೇ ಕೈಯಲ್ಲಿ ಸೆರಗಿಗೆ ಪಿನ್ನು ಚುಚ್ಚಲು ಹೆಣಗುತ್ತಿದ್ದಳು. ಮದುವೆಗಳಿಗೆ ಉಡುವ ಕಂದು ಸೀರೆ ಉಟ್ಟಿದ್ದಳು. ಕನ್ನಡಿಯಲ್ಲೇ ಅವನನ್ನು ಕಂಡು, "ಇದೊಂದು ಹಾಕಿ ಕೊಡ್ತೀರಾ?" ಎಂದಳು. ಹೋದ ತಿಂಗಳಾಗಿದ್ದರೆ ಅವಳು ಹೀಗೆ ಕೇಳುತ್ತಿರಲಿಲ್ಲ, ಅವನು ಹಾಕುತ್ತಲೂ ಇರಲಿಲ್ಲ. ಈಗ ಅವನ ಮೊಂಡು ಬೆರಳುಗಳು ಅವಳ ಭುಜದ ಮೇಲೆ ಪಿನ್ನಿನ ಬಾಯಿ ಹುಡುಕಿದವು. ಅವಳ ಕೂದಲಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಹೇಳಿಬಿಡಬೇಕು ಅನ್ನಿಸಿದಾಗ ಅವನಿಗೆ ಗೊತ್ತಿಲ್ಲದೆಯೇ ಅದೇ ಮೆತ್ತಗಿನ ದನಿ ಬಂತು.

"ಯಮುನ, ಹೇಳ್ತೇನೆ ಕೇಳು. ಆ ಸ್ವಿಚ್ ಹಾಕಿದ್ದು ನೀನಲ್ಲ. ನಾನು."

ಅವಳು ಕನ್ನಡಿಯಲ್ಲಿ ಅವನನ್ನೇ ನೋಡಿದಳು. ಅವಳ ಕಣ್ಣುಗಳು ತುಂಬಿ ಬಂದವು, ಆದರೆ ಅವಳು ನಗುತ್ತಿದ್ದಳು.

"ನಂಗೆ ಗೊತ್ತಿತ್ತು, ನೀವು ಹೀಗೆ ಎಂತಾದ್ರೂ ಹೇಳ್ತೀರಿ ಅಂತ. ನನ್ನ ಉಳಿಸ್ಲಿಕ್ಕೆ ನೀವು ಒಳಗೆ ಹೋಗೂದಾ? ಬೇಡ. ಹೆಂಗಸು, ಕೈತಪ್ಪು, ಅಂತ ಬಿಡ್ತಾರಂತೆ." ಅವಳು ತಿರುಗಿ ಎಡಗೈಯನ್ನು ಅವನ ಎದೆಯ ಮೇಲಿಟ್ಟಳು. "ಒಂದು ಮಾತು ಹೇಳ್ಲಾ? ನಿಮ್ಮನ್ನ ನಾನು ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ. ಕಲ್ಲು ಮನುಷ್ಯ, ಹೆಂಡ್ತಿ ಅಂದ್ರೆ ಹಟ್ಟಿಯ ದನ ಇವರಿಗೆ ಅಂತ ಎಷ್ಟೋ ಸಲ ಅತ್ತಿದ್ದೇನೆ. ಒಂದು ಆನೆ ಸಾಯ್ಬೇಕಾಯ್ತು ನಂಗೆ ಗೊತ್ತಾಗ್ಲಿಕ್ಕೆ."

ಹೇಳಿಯಾಯಿತಲ್ಲ, ಎಂದು ಅವನೊಳಗೆ ಯಾವುದೋ ಒಂದು ಮಾತು ಎದ್ದಿತು. ಹೇಳಿದೆ, ಅವಳು ನಂಬಲಿಲ್ಲ, ಅದಕ್ಕೆ ನಾನೇನು ಮಾಡಲಿ? ಇಷ್ಟು ಪ್ರೀತಿಯಿಂದ ಅವಳು ನೋಡಿದ್ದು ಅವನಿಗೆ ನೆನಪೇ ಇರಲಿಲ್ಲ. ಆ ನೋಟದಲ್ಲಿ ಕಾಣುತ್ತಿದ್ದ ಮನುಷ್ಯನಾಗಿಯೇ ಉಳಿದುಬಿಡಬಹುದು. ದಿನವೂ ಪಿನ್ನು ಹಾಕಿಕೊಡಬಹುದು, ಅನ್ನ ಬಡಿಸಬಹುದು, ಕೈ ಬಾರದ ಹೆಂಡತಿಯನ್ನು ಹೂವಿನಂತೆ ನೋಡಿಕೊಳ್ಳುವ ದೇರಪ್ಪ ಎಂದು ಊರು ಹೊಗಳುತ್ತದೆ. ಬದಲಿಗೆ ತೆರಬೇಕಾದದ್ದು ಅವಳ ಈ ಒಂದು ಕೈ. ಅವನು ಆ ಕೈಯನ್ನು ನೋಡಿದ. ಸೆರಗಿನ ಸುತ್ತಿನೊಳಗಿನಿಂದ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು, ಬಿಸಿಲು ಕಾಣದ ಗೆಡ್ಡೆಯ ಮೊಳಕೆಯಂತೆ ಬಿಳಿಚಿದ್ದವು. ಅವನಿಗೆ ಹಳೆಯ ಸಿಟ್ಟು ನೆತ್ತಿಗೇರಿತು.

"ಬುದ್ಧಿ ಉಟ್ಟಾ ನಿಂಗೆ ಕತ್ತೆ! ಹಾಕಿದ್ದು ನಾನು ಅಂದ್ರೆ ನಾನು! ದಿನಾ ಹಾಕ್ತಿದ್ದೆ, ಅವತ್ತೂ ಹಾಕಿದೆ, ಬೇಕೂಂತ ಹಾಕಿದೆ! ಜೈಲಿಗೆ ಹೆದರಿ ನಿನ್ನ ತಲೆಗೆ ಕಟ್ಟಿದೆ! ಕರೆಂಟ್ ಬಂದಾಗ ನೀ ಗೊರಕೆ ಹೊಡೀತಿದ್ದೆ, ತಿಳೀತಾ? ಎಂತದು ಚುರ್ ಅಂದದ್ದು, ನಿನ್ನ ಪಿಂಡ!"

ಕನ್ನಡಿ ಅದುರಿತು. ಅಂಗಳದಲ್ಲಿ ಮೋಕ್ಷಿತಾ ಕಾರಿನ ಬಾಗಿಲು ತೆರೆದ ಸದ್ದಾಯಿತು. ಯಮುನ ಕದಲದೆ ನಿಂತಿದ್ದಳು. ಉಪ್ಪು ಕಡಿಮೆಯೆಂದು ಹೇಳಿದ ದನಿ ಅದು, ಹಸುವಿಗೆ ಗರ್ಭ ನಿಂತಿಲ್ಲವೆಂದು, ಅವಳ ಅಪ್ಪ ತೀರಿಕೊಂಡರೆಂದು ಹೇಳಿದ ದನಿ. ಆ ದನಿ ಅವಳಿಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅವಳು ನಂಬಿದಳೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಸೆರಗಿನ ಸುತ್ತು ತಾನಾಗಿ ಸಡಿಲವಾಗಿ ಜಾರಿತು. ಬಲಗೈ ಕೆಳಗಿಳಿದು, ಬೆರಳುಗಳು ಒಂದೊಂದಾಗಿ ಮಡಚಿ ಬಿಚ್ಚಿದವು. ಅವಳು ಅದನ್ನು ನೋಡಿಯೂ ನೋಡದವಳಂತೆ, ಬೇರೆ ಯಾವುದೋ ಲೆಕ್ಕ ಹಾಕುತ್ತಿದ್ದಳು.

"ಹಾಗಾದ್ರೆ ಅವತ್ತು," ಎಂದಳು, "ಒಲೆ ಹತ್ರ ನನ್ನ ತಲೆ ಮೇಲೆ ಕೈ ಇಟ್ರಲ್ಲ. ಅದೂ ಇದಕ್ಕೇನಾ?"

ಅಲ್ಲ ಎನ್ನಬೇಕೆಂದು ಅವನು ಬಾಯಿ ತೆರೆದ. ಆಗ ಬಂದ ಅಳು ನಿಜವೇ ಆಗಿತ್ತಲ್ಲ. ಆದರೆ ಅದನ್ನು ಹೇಳಲು ಇದ್ದದ್ದು ಆ ಮೆತ್ತಗಿನ ದನಿ ಒಂದೇ, ಅದನ್ನು ಅವನು ಒಲೆಯ ಮುಂದೆ ಆಗಲೇ ಖರ್ಚು ಮಾಡಿಬಿಟ್ಟಿದ್ದ. ಯಮುನ ಅವನ ಉತ್ತರಕ್ಕೆ ಕಾದಳು, ನಿಜವಾಗಿ ಕಾದಳು. ಆಮೇಲೆ ಬಾಗಿಲ ಹಿಂದೆ ನೇತು ಹಾಕಿದ್ದ ಚೀಲ ತೆಗೆದು ಎರಡು ಸೀರೆ ತುರುಕಿದಳು, ಬಲಗೈಯಿಂದಲೇ. ಅವನ ಪಕ್ಕದಿಂದ ಹಾಯುವಾಗ ಅವನಿಗೆ ತಾಗದಂತೆ ಭುಜ ಒಳಕ್ಕೆಳೆದುಕೊಂಡಳು.

"ಆಫೀಸಿಗಾ ಅವ್ವ?" ಅಂಗಳದಲ್ಲಿ ಮೋಕ್ಷಿತಾ ಕೇಳುವುದು ಕೇಳಿಸಿತು.

"ಅಲ್ಲ. ಅಲ್ಲಿಗೆ ಹೋಗ್ಬೇಕಾದ್ದು ಅವರು. ನೀ ನಡಿ."

ಕರೆಯಬೇಕೆಂದು ದೇರಪ್ಪ ಜಗಲಿಗೆ ಓಡಿ ಬಂದ. ಯಾವ ದನಿಯಲ್ಲಿ ಕರೆಯುವುದು? ಜೋರಾಗಿ ಕೂಗಿದರೆ ನಾಯಿಯನ್ನು ಕರೆದ ಹಾಗೆ. ಮೆತ್ತಗೆ ಕರೆದರೆ ಅವಳ ಬೆನ್ನು ಇನ್ನಷ್ಟು ಸೆಟೆಯುತ್ತದೆ. ಮೂರನೆಯದೊಂದು ದನಿ ಮನುಷ್ಯರಿಗೆ ಇರುತ್ತದೆ, ಎಲ್ಲರಿಗೂ ಇರುತ್ತದೆ. ತನ್ನ ಗಂಟಲಿನಲ್ಲಿ ಅದು ಎಲ್ಲಿದೆ ಎಂದು ಅವನು ಹುಡುಕುತ್ತಿದ್ದಂತೆ ಕಾರು ಕಾಫಿ ಗಿಡಗಳ ನಡುವೆ ಇಳಿದು ತಿರುವು ದಾಟಿತು.

ಅಂದು ಅವನು ಬಸ್ಸು ಹಿಡಿದು ಹೋಗಿ ಹೇಳಬೇಕಾದ್ದನ್ನು ಹೇಳಿದ. ಅಲ್ಲಿಂದ ಕರೆದೊಯ್ದ ಕಡೆ ಹೋದ. ಬೆಳ್ಯಪ್ಪ ಮಾವ ಇಲ್ಲೆಂದಿದ್ದ ಜಾಮೀನು ಸಿಕ್ಕಿ ಬಂದಾಗ ಸುಗ್ಗಿಯ ಹುತ್ತರಿ ಹಬ್ಬ ಹತ್ತಿರವಾಗಿತ್ತು. ಆನೆ ಬಿದ್ದ ಜಾಗ ಬಿಟ್ಟು ಉಳಿದ ಕಡೆ ಭತ್ತ ನಿಂತಿತ್ತು. ಹಬ್ಬದ ರಾತ್ರಿ ಅವನೊಬ್ಬನೇ ಗದ್ದೆಗಿಳಿದು ಕದಿರು ಕೊಯ್ದು, ತಲೆಯ ಮೇಲೆ ಹೊತ್ತು ತಂದು ಹೊಸ್ತಿಲ ಹೊರಗೆ ನಿಂತ. ಕದಿರು ತಂದವನ ಕಾಲಿಗೆ ನೀರೆರೆದು ಮನೆಯೊಡತಿ ಒಳಗೆ ಕರೆಯಬೇಕು, ಕರೆಯದೆ ದಾಟುವಂತಿಲ್ಲ. ಸುತ್ತಲಿನ ಮನೆಗಳಲ್ಲಿ ಕದಿರು ಕೊಯ್ದ ಗುರುತಿಗೆ ಕೋವಿ ಹಾರಿಸಿದ ಸದ್ದು ಕೇಳಿ ಬಂದು ನಿಂತಿತು. ದೇರಪ್ಪ ಕಾಲಿನ ಕೆಸರು ಒಣಗುವವರೆಗೂ ಹಾಗೇ ನಿಂತಿದ್ದ. ಯಮುನ ಬರಲಿಲ್ಲ.